ಗ್ರೇಡ್ ಮೂರು, ಗಡ್ಡ

ಮರಿಯಣ್ಣನ ಗಡ್ಡಕ್ಕೆ ಅವನ ಊರಿನಲ್ಲಿ ಒಂದು ಹೆಸರೇ ಇತ್ತು. 'ಶ್ಯಾಮಲಾಳ ಗಡ್ಡ' ಎನ್ನುತ್ತಿದ್ದರು. ಮಗಳು ಶ್ಯಾಮಲಾಗೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಮೂರನೆಯದು ನಿಂತು ಮಗು ಕೈಗೆ ಬರುವವರೆಗೂ ಮುಖಕ್ಕೆ ಕತ್ತಿ ಸೋಕಿಸುವುದಿಲ್ಲವೆಂದು ಅವನು ಊರ ಮುಂದಿನ ಬೀರದೇವರ ಗುಡಿಯಲ್ಲಿ ಹರಕೆ ಹೊತ್ತಿದ್ದ. ಮಗುವಿನ ಹುಟ್ಟುಗೂದಲು, ಅಜ್ಜನ ಗಡ್ಡ ಎರಡನ್ನೂ ಒಂದೇ ದಿನ ದೇವರಿಗೆ ಒಪ್ಪಿಸುವುದಾಗಿ ಮಾತು. ಗಡ್ಡ ಎದೆಯವರೆಗೆ ಇಳಿದಿತ್ತು. ಶ್ಯಾಮಲಾಗೆ ಈಗ ಏಳು ತಿಂಗಳು ತುಂಬಿತ್ತು.

ಡಾಕ್ಟರ್ ಇಂದ್ರೇಶನಿಗೆ ಇದನ್ನೆಲ್ಲ ಹೇಳಿದವಳು ಮರಿಯಣ್ಣನ ಹೆಂಡತಿ ಕೆಂಪಲಕ್ಷ್ಮಮ್ಮ. ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆಂದು ಗಂಡನನ್ನು ಗಂಡಸಿ ಹತ್ತಿರದ ತಮ್ಮೂರಿನಿಂದ ಅರಸೀಕೆರೆಯ ನರ್ಸಿಂಗ್ ಹೋಮಿಗೆ ಕರೆತಂದು ಸೇರಿಸಿದ ದಿನ, ಅರಿವಳಿಕೆ ಕೊಡುವ ಡಾಕ್ಟರಾದ ಅವನು ಬಂದು ಬಾಯಿ ತೆರೆಸಿ, ಕುತ್ತಿಗೆ ಮುಟ್ಟಿ ನೋಡುತ್ತಿದ್ದಾಗ, ಯಾರೂ ಕೇಳದೆಯೇ ಹೇಳಿದಳು.

"ಗಡ್ಡ ಮಾತ್ರ ಮುಟ್ಟಂಗಿಲ್ಲ ಸಾರ್. ಇನ್ನೇನ್ ಬೇಕಾದ್ರೂ ಮಾಡ್ಕಳಿ."

"ಹೊಟ್ಟೆ ಕುಯ್ಯೋದು ಬುಟ್ಟು ಗಡ್ಡ ಯಾಕೆ ಮುಟ್ತಾರೆ ಸುಮ್ಕಿರೇ," ಎಂದ ಮರಿಯಣ್ಣ.

ಇಂದ್ರೇಶ್ ನಕ್ಕು, "ಗಡ್ಡ ಇರಲಿ ಬಿಡಿ," ಎಂದಿದ್ದ.

ಅವನು ಅರಸೀಕೆರೆಯ ಕೊಬ್ಬರಿ ಮಂಡಿಯ ಮರುಳಪ್ಪನವರ ಮಗ. ಮೈಸೂರಿನಲ್ಲಿ ಎಂ.ಡಿ. ಮುಗಿಸಿ ಊರಿಗೇ ವಾಪಸಾಗಿದ್ದ. ಯಾವ ಆಸ್ಪತ್ರೆಯಲ್ಲೂ ನೌಕರಿಯಿರಲಿಲ್ಲ. ಅರಸೀಕೆರೆಯಲ್ಲಿ ಎರಡು ಮೂರು ನರ್ಸಿಂಗ್ ಹೋಮು, ಬೇಲೂರಿನಲ್ಲಿ ಒಂದು, ಎಲ್ಲಿಂದ ಕರೆ ಬಂದರೂ ಚರ್ಮದ ಬ್ಯಾಗು ಹಿಡಿದು ಹೊರಡುತ್ತಿದ್ದ. ಅವನ ಅಚ್ಚುಕಟ್ಟನ್ನು ಎಲ್ಲರೂ ಮೆಚ್ಚುತ್ತಿದ್ದರು. ಪ್ರತಿ ಸಲವೂ ಔಷಧಿ ಎಳೆದುಕೊಂಡ ಸಿರಿಂಜಿಗೆ ಹೆಸರು ಅಂಟಿಸುವುದು, ಆಮ್ಲಜನಕದ ಸಿಲಿಂಡರಿನ ಮುಳ್ಳನ್ನು ಬೆರಳಿನಿಂದ ತಟ್ಟಿ ನೋಡುವುದು, ಮಾಸ್ಕನ್ನು ತನ್ನ ಕೆನ್ನೆಗೇ ಒತ್ತಿ ಗಾಳಿ ನಿಲ್ಲುತ್ತದೆಯೋ ಎಂದು ಪರೀಕ್ಷಿಸುವುದು.

ಇದು ನಡೆದದ್ದು ಎರಡು ಸಾವಿರದ ಐದರಲ್ಲಿ. ಅದಕ್ಕೆ ಸ್ವಲ್ಪ ಹಿಂದೆ ಹಾಸನದಲ್ಲಿ ನಡೆದ ಡಾಕ್ಟರುಗಳ ಸಭೆಯೊಂದರಲ್ಲಿ ಇಂದ್ರೇಶ್ ಒಂದು ಹೊಸ ವಿಷಯ ಕಲಿತು ಬಂದಿದ್ದ. ನಿದ್ದೆಯ ಔಷಧಿ ಕೊಟ್ಟ ಮೇಲೆ ರೋಗಿಯ ಉಸಿರು ನಿಂತುಬಿಡುತ್ತದೆ. ಗಂಟಲಿಗೆ ಟ್ಯೂಬು ಇಳಿಸುವವರೆಗಿನ ಆ ಸ್ವಲ್ಪ ಹೊತ್ತು ಆ ಉಸಿರು ಡಾಕ್ಟರ ಕೈಯಲ್ಲಿರುತ್ತದೆ. ಎಡಗೈ ಮಾಸ್ಕನ್ನು ಮೂಗು ಬಾಯಿಗೆ ಒತ್ತಿ ದವಡೆಯನ್ನು ಎತ್ತಿ ಹಿಡಿಯಬೇಕು, ಬಲಗೈ ರಬ್ಬರ್ ಚೀಲವನ್ನು ಹಿಂಡಬೇಕು, ಎದೆ ಏಳಬೇಕು. ಕೆಲವರಲ್ಲಿ ಇದು ಸುಲಭ, ಕೆಲವರಲ್ಲಿ ಕಷ್ಟ. ಎಷ್ಟು ಕಷ್ಟ ಎಂಬುದನ್ನು ಅಲ್ಲಿಯವರೆಗೆ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಿದ್ದರು. ಈಗ ಅದಕ್ಕೆ ನಾಲ್ಕು ಗ್ರೇಡುಗಳಾಗಿದ್ದವು. ಒಂದು ಕೈಯಲ್ಲಿ ಸಲೀಸಾಗಿ ಉಸಿರು ಹೋದರೆ ಒಂದು. ನಾಲಿಗೆ ಹಿಂದಕ್ಕೆ ಬೀಳದ ಹಾಗೆ ಬಾಯಲ್ಲಿ ಬಾಗಿದ ಕೊಳವೆ ಇಡಬೇಕಾಗಿ ಬಂದರೆ ಎರಡು. ಎರಡು ಕೈಯೂ ಸಾಲದೆ, ಇನ್ನೊಬ್ಬರ ಕೈಯೂ ಬೇಕಾಗಿ, ಹೋದಷ್ಟು ಹೋಯಿತು ಎಂಬಂತಿದ್ದರೆ ಮೂರು. ಏನು ಮಾಡಿದರೂ ಹೋಗದಿದ್ದರೆ ನಾಲ್ಕು.

ಇಂದ್ರೇಶನಿಗೆ ಇದು ಬಹಳ ಹಿಡಿಸಿತು. ಉಂಡೆ ಕೊಬ್ಬರಿಯನ್ನು ದರ್ಜೆಯ ಪ್ರಕಾರ ರಾಶಿ ಹಾಕುವುದನ್ನು ನೋಡಿಕೊಂಡೇ ಬೆಳೆದವನು ಅವನು. ಮರುದಿನದಿಂದಲೇ ಪ್ರತಿಯೊಬ್ಬ ರೋಗಿಯ ಕೇಸ್ ಶೀಟಿನಲ್ಲೂ ಗ್ರೇಡು ಬರೆಯತೊಡಗಿದ. ಬೇಲೂರಿನಲ್ಲಿ, ಅರಸೀಕೆರೆಯಲ್ಲಿ ಸರ್ಜನ್ನರಿಗೆ ಅದನ್ನು ವಿವರಿಸಿದ. ನರ್ಸಿಂಗ್ ಹೋಮಿನ ಒಡೆಯರಾದ ಸರ್ಜನ್ ಕಲ್ಲೇಶಪ್ಪನವರು, "ನೀವು ಮನುಷ್ಯರನ್ನೂ ಮಂಡಿಗೆ ಹಾಕ್ಬಿಟ್ರಲ್ಲ ಇಂದ್ರೇಶ್," ಎಂದು ನಗೆಯಾಡಿದ್ದರು.

ಆಪರೇಷನ್ನಿನ ದಿನ ಇಂದ್ರೇಶ್ ಬೇಲೂರಿನಿಂದ ಬರಬೇಕಾಗಿತ್ತು. ಜಾವಗಲ್ಲಿನ ಹತ್ತಿರ ಬಸ್ಸು ಕೆಟ್ಟು ನಿಂತಿತು. ಅವನು ಥಿಯೇಟರಿಗೆ ಕಾಲಿಡುವಾಗ ಕಲ್ಲೇಶಪ್ಪನವರು ಕೈ ತೊಳೆದುಕೊಂಡು, ತೊಳೆದ ಕೈಗಳನ್ನು ಎದೆಯ ಮುಂದೆ ಎತ್ತಿಕೊಂಡು ನಿಂತಿದ್ದರು. ಸಿಸ್ಟರ್ ವಿಶಾಲಮ್ಮ ಎಲ್ಲವನ್ನೂ ಜೋಡಿಸಿಟ್ಟಿದ್ದಳು. ಮೇಜಿನ ಮೇಲೆ ಮಲಗಿದ್ದ ಮರಿಯಣ್ಣ ಗಡ್ಡವನ್ನು ಹೊದಿಕೆಯ ಮೇಲೆ ನೀಟಾಗಿ ಹರಡಿಕೊಂಡಿದ್ದ.

ನಿದ್ದೆಯ ಔಷಧಿ ಒಳಗೆ ಹೋಯಿತು. ಮರಿಯಣ್ಣನ ಕಣ್ಣು ಮುಚ್ಚಿತು, ಉಸಿರು ನಿಂತಿತು. ಇಂದ್ರೇಶ್ ನರ್ಸಿಂಗ್ ಹೋಮಿನ ದೊಡ್ಡ ಕರಿ ರಬ್ಬರಿನ ಮಾಸ್ಕನ್ನು ಒತ್ತಿ ಹಿಡಿದು ಚೀಲ ಹಿಂಡಿದ. ಎಡಗೆನ್ನೆಯ ಕಡೆಯಿಂದ ಸುಯ್ ಎಂದು ಗಾಳಿ ಹೊರಟಿತು. ಎದೆ ಏಳಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದ. ಸದ್ದು ಇನ್ನೂ ಹೆಚ್ಚಾಯಿತು. ಬಾಯಿಗೆ ಕೊಳವೆ ಇಟ್ಟ. ಎರಡೂ ಕೈಯಲ್ಲಿ ಮಾಸ್ಕು ಹಿಡಿದು ಚೀಲವನ್ನು ವಿಶಾಲಮ್ಮನಿಗೆ ಕೊಟ್ಟ. ಎದೆ ಒಂದಿಷ್ಟು ಎದ್ದಂತಾಗಿ ಕುಸಿಯಿತು. ರಕ್ತದ ಆಮ್ಲಜನಕ ಇಳಿಯುತ್ತಿದ್ದಂತೆ ಅದನ್ನು ತೋರಿಸುವ ಯಂತ್ರದ ದನಿ ತಗ್ಗುತ್ತ ಬಂತು.

ಇಂಥ ಹೊತ್ತಿನಲ್ಲಿ ಏನು ಮಾಡಬಾರದೆಂದು ಇಂದ್ರೇಶನಿಗೆ ಗೊತ್ತಿತ್ತು. ಮೈಯ ಸ್ನಾಯುಗಳನ್ನೆಲ್ಲ ಸಡಿಲಿಸುವ ಮುಂದಿನ ಔಷಧಿಯನ್ನು ಅವನು ಕೊಡಲಿಲ್ಲ. ಹೇಗೋ ಅಷ್ಟಿಷ್ಟು ಗಾಳಿ ತಳ್ಳುತ್ತ, ನಿದ್ದೆ ಇಳಿಯುವವರೆಗೆ ಕಾದು, ಮರಿಯಣ್ಣ ತಾನಾಗಿಯೇ ಉಸಿರೆಳೆದು ಕೆಮ್ಮಿದ ಮೇಲೆ ಕೈ ಬಿಟ್ಟ.

"ಏನ್ರೀ?" ಎಂದರು ಕಲ್ಲೇಶಪ್ಪನವರು.

"ಗ್ರೇಡ್ ಮೂರು ಸರ್. ಗಡ್ಡ. ಮಾಸ್ಕು ಕೂರೋದಿಲ್ಲ. ಗಡ್ಡ ತೆಗೆಸಿ ಇನ್ನೊಂದು ದಿನ ಮಾಡೋಣ."

ಹಾಗೆಯೇ ಬರೆದ: ಗ್ರೇಡ್ ಮೂರು, ಗಡ್ಡ. ಗಡ್ಡವಿದ್ದರೆ ಮಾಸ್ಕು ಸೋರುತ್ತದೆಂಬುದು ಪುಸ್ತಕದಲ್ಲಿರುವ ಮಾತೇ.

ಆ ಸಂಜೆ ವಾರ್ಡಿನಲ್ಲಿ ವಿಷಯ ತಿಳಿಸಿದಾಗ ಕೆಂಪಲಕ್ಷ್ಮಮ್ಮ, "ಇರಲಿ ಬಿಡಿ ಅಂದಿದ್ರಲ್ಲ ಸಾರ್ ನೀವೇ," ಎಂದಳು. ಅಷ್ಟರಲ್ಲಿ ಮರಿಯಣ್ಣ ಕೇಳಿದ.

"ಮಗು ಆದ್ಮ್ಯಾಕೆ ಆಪ್ರೇಸನ್ ಮಾಡುಸ್ಕಂಡ್ರೆ ಆಗಕಿಲ್ವಾ?"

"ಮತ್ತೆ ನೋವು ಬಂದು ಅದು ಕೀವಾದ್ರೆ ಕಷ್ಟ ಅಂತಾರೆ ಸರ್ಜನ್ನು. ಕಾಯೋದು ಬೇಡ."

"ಗಡ್ಡ ಇದ್ರೆ ಜೀವಕ್ಕೇ ಅಪಾಯವಾ?"

"ಹೌದು."

ಮರಿಯಣ್ಣ ಗಡ್ಡದ ತುದಿಯನ್ನು ಬೆರಳಿಗೆ ಸುತ್ತಿಕೊಂಡ. ಆಮೇಲೆ, "ಜೀವಕ್ಕೆ ಅಂದ್ರೆ ದ್ಯಾವ್ರೂ ಬ್ಯಾಡ ಅನ್ನಕಿಲ್ಲ. ಒಂದ್ಮಾತು ಹೇಳಿ ತೆಗಿಸ್ತೀನಿ," ಎಂದ. ಮುಂದಿನ ಸೋಮವಾರ ಬರುವುದೆಂದು ಮಾತಾಯಿತು. ಮಗ ಮನು ತನ್ನ ಮೊಬೈಲ್ ನಂಬರನ್ನು ಇಂದ್ರೇಶನಿಗೆ ಕೊಟ್ಟು ಅಪ್ಪ ಅಮ್ಮನನ್ನು ಬಸ್ಸು ಹತ್ತಿಸಿದ.

ಗುರುವಾರ ಅದೇ ಥಿಯೇಟರಿನಲ್ಲಿ ಒಬ್ಬ ಶಾಲಾ ಮೇಡಮ್ಮಿಗೆ ಎದೆಯ ಗಂಟು ತೆಗೆಯುವುದಿತ್ತು. ಅಗಲವಾದ, ನುಣುಪು ಕೆನ್ನೆಯ ಮುಖ. ಎಲ್ಲ ಹಲ್ಲೂ ಗಟ್ಟಿ. ಗ್ರೇಡ್ ಒಂದು ಎಂದು ಇಂದ್ರೇಶ್ ಮನಸ್ಸಿನಲ್ಲೇ ಬರೆದುಕೊಂಡಿದ್ದ. ಉಸಿರು ನಿಂತ ಮೇಲೆ ಅದೇ ಕರಿ ಮಾಸ್ಕನ್ನು ಒತ್ತಿ ಚೀಲ ಹಿಂಡಿದ.

ಎಡಗೆನ್ನೆಯ ಕಡೆಯಿಂದ ಸುಯ್ ಎಂದು ಗಾಳಿ ಹೊರಟಿತು.

ಮಾಸ್ಕನ್ನು ಎಸೆದು ತನ್ನ ಬ್ಯಾಗಿನಿಂದ ಇನ್ನೊಂದನ್ನು ತೆಗೆದು ಹಿಡಿದ. ಸ್ವಲ್ಪ ಚಿಕ್ಕದಾದರೂ ಅದು ಕೂತಿತು. ಎದೆ ಸಲೀಸಾಗಿ ಎದ್ದಿತು, ಒಂದೇ ಕೈಯಲ್ಲಿ.

ಆಪರೇಷನ್ ಮುಗಿದು ಎಲ್ಲರೂ ಹೊರಗೆ ಹೋದ ಮೇಲೆ ಅವನು ಕರಿ ಮಾಸ್ಕನ್ನು ಬೇಸಿನ್ನಿನ ನೀರಿನಲ್ಲಿ ಮುಳುಗಿಸಿ ಹಿಂಡಿದ. ಮುಖಕ್ಕೆ ಮೆತ್ತಗೆ ಕೂರಲೆಂದು ಮಾಸ್ಕಿನ ಅಂಚಿಗೆ ಸುತ್ತಲೂ ಗಾಳಿ ತುಂಬಿದ ರಬ್ಬರಿನ ದಿಂಬು ಇರುತ್ತದೆ. ಆ ದಿಂಬಿನ ಬಿರಡೆಯ ಬುಡದಲ್ಲಿ ಉಗುರಿನಷ್ಟು ಸೀಳು. ಅಲ್ಲಿಂದ ಗುಳ್ಳೆಗಳು ಸಾಲಾಗಿ ಮೇಲೆದ್ದವು. ಸುಮ್ಮನೆ ಇಟ್ಟರೆ ದಿಂಬು ತುಂಬಿಕೊಂಡೇ ಕಾಣುತ್ತಿತ್ತು. ಒತ್ತಿದರೆ ಮಾತ್ರ ಬರಿದಾಗಿ, ಆ ಕಡೆಯ ಕೆನ್ನೆಗೆ ಮಾಸ್ಕು ತಗುಲುತ್ತಲೇ ಇರಲಿಲ್ಲ. ಮರಿಯಣ್ಣನ ದಿನ, ಬಸ್ಸು ಕೆಟ್ಟ ಅವಸರದಲ್ಲಿ, ತನ್ನ ಕೆನ್ನೆಗೆ ಒತ್ತಿ ನೋಡುವ ಕೆಲಸವನ್ನು ಅವನು ಮಾಡಿರಲಿಲ್ಲ. ಈ ದಿನವೂ ಮಾಡಿರಲಿಲ್ಲ. ಆ ಮಾಸ್ಕಿನ ಮೇಲೆ ಅವನಿಗೆ ಅನುಮಾನವೇ ಇರಲಿಲ್ಲ, ಅನುಮಾನವೆಲ್ಲ ಗಡ್ಡದ ಮೇಲಿತ್ತು.

ನಾಲ್ಕು ಗ್ರೇಡುಗಳೂ ರೋಗಿಯ ಮುಖವನ್ನು ಕುರಿತವು. ಮುಖದ ಮೇಲಿಟ್ಟ ಮಾಸ್ಕನ್ನಾಗಲಿ, ಮಾಸ್ಕು ಹಿಡಿದ ಕೈಯನ್ನಾಗಲಿ ಅವು ಕೇಳುವುದಿಲ್ಲ. ಅದನ್ನು ಕೇಳಿಕೊಂಡ ಮೇಲೆಯೇ ಗ್ರೇಡು ಬರೆಯಬೇಕೆಂಬುದು ಹೇಳದೆಯೇ ತಿಳಿಯಬೇಕಾದ ವಿಷಯ. ಇಂದ್ರೇಶ್ ಕೆಟ್ಟ ಸಲಕರಣೆಗೆ ಮೂರು ಎಂದು ಬರೆದು ಅದನ್ನು ಒಬ್ಬ ಮನುಷ್ಯನ ಗಡ್ಡಕ್ಕೆ ಅಂಟಿಸಿದ್ದ.

ಮಾಸ್ಕನ್ನು ಕತ್ತರಿಯಿಂದ ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದ. ಕಲ್ಲೇಶಪ್ಪನವರಿಗೆ, "ಆ ಮಾಸ್ಕು ಹಳೇದಾಗಿದೆ ಸರ್, ಹೊಸದು ತರಿಸೋಣ," ಎಂದಷ್ಟೇ ಹೇಳಿದ. ಅದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಸೋಮವಾರಕ್ಕೆ ಇನ್ನೂ ದಿನಗಳಿದ್ದವು. ಗಡ್ಡ ಇನ್ನೂ ಮರಿಯಣ್ಣನ ಮುಖದಲ್ಲೇ ಇರಬೇಕು. ಒಂದು ಫೋನು ಸಾಕಿತ್ತು. ಆದರೆ ಫೋನಿನಲ್ಲಿ ಏನೆಂದು ಹೇಳುವುದು? ಗುರುವಾರ ರಾತ್ರಿ ಪುಸ್ತಕ ತೆಗೆದು ಗಡ್ಡದ ವಿಷಯವನ್ನು ಮತ್ತೆ ಓದಿದ. ಗಡ್ಡವೂ ಒಂದು ಕಾರಣವೆಂದು ಅಲ್ಲಿ ಸ್ಪಷ್ಟವಾಗಿತ್ತು. ಓದಿ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ಮತ್ತೆ ನಾಚಿಕೆಯಾಯಿತು. ಗಡ್ಡಕ್ಕೆ ಮುಲಾಮು ಸವರಿ ಮಾಸ್ಕು ಕೂರಿಸಬಹುದೆಂದು ಅದೇ ಪುಟದ ಕೆಳಗಿತ್ತು. ಅದನ್ನೂ ಅವನು ಓದಿದ್ದ.

ಶನಿವಾರ ಬೇಲೂರಿಗೆ ಹೋಗುವ ಬಸ್ಸು ಹಳೇಬೀಡಿನಲ್ಲಿ ನಿಂತಾಗ, ಕಂಡಕ್ಟರ್ ಟೀ ಕುಡಿಯಲು ಇಳಿದಿದ್ದನ್ನು ನೋಡಿ, ಇಂದ್ರೇಶ್ ಮನುವಿನ ನಂಬರ್ ಒತ್ತಿದ. ಒತ್ತುವಾಗ ಹೇಳಿಯೇಬಿಡುತ್ತೇನೆಂಬ ನಿರ್ಧಾರವಿತ್ತು.

"ಹಲೋ, ಸಾರ್, ಹೇಳಿ ಸಾರ್." ಮನುವಿನ ದನಿಯಲ್ಲಿ ಗಾಬರಿ.

"ಏನಿಲ್ಲ. ಅಪ್ಪ ಹೇಗಿದ್ದಾರೆ?"

"ಚೆನ್ನಾಗವ್ರೆ ಸಾರ್. ನಾಳೆ ಬೆಳಿಗ್ಗೆ ಗುಡಿತಾವ ತೆಗುಸ್ತಾರೆ. ಪೂಜಾರಪ್ಪಂಗೂ ಹೇಳೈತೆ. ಊರ್ ಜನ ಎಲ್ಲ ಒಂದೊಂದ್ ಮಾತಾಡ್ತಾವ್ರೆ, ಆದ್ರೂ ಅಪ್ಪ ಗಟ್ಟಿಯಾಗೈತೆ. ಡಾಕ್ಟ್ರು ಜೀವಕ್ಕೆ ಅಂದವ್ರೆ ಅಂತ ಎಲ್ರುಗೂ ಹೇಳ್ತೈತೆ."

ಇಂದ್ರೇಶನ ಬಾಯಿ ತೆರೆದಿತ್ತು. ಹೇಳಬೇಕಾದ ಮಾತು ಸಣ್ಣದು: ತೆಗೆಸಬೇಡಿ, ತಪ್ಪು ನನ್ನದು. ಮಂಡಿಯ ಮರುಳಪ್ಪನವರ ಮಗ ಸರಿಯಿಲ್ಲದ ಮಾಸ್ಕು ಹಿಡಿದು ಒಬ್ಬನ ಜೀವಕ್ಕೆ ಕುತ್ತು ತಂದಿದ್ದ ಎಂದು ಗಂಡಸಿಯ ಸಂತೆಯಲ್ಲಿ ಜನ ಆಡಿಕೊಳ್ಳುವುದು ಅವನ ಕಿವಿಗೆ ಕೇಳಿಸಿತು.

"ಹಲೋ, ಸಾರ್?"

"ಹ್ಞಾಂ. ಭಾನುವಾರ ರಾತ್ರಿ ಊಟ ಬೇಗ ಮುಗಿಸ್ಬೇಕು. ಬೆಳಿಗ್ಗೆ ನೀರೂ ಕೊಡ್ಬೇಡಿ. ಅದನ್ನ ಹೇಳೋಣ ಅಂತ ಮಾಡ್ದೆ."

"ಆಯ್ತು ಸಾರ್. ಇಷ್ಟಕ್ಕೆ ಫೋನ್ ಮಾಡುದ್ರಲ್ಲ, ಬೋ ಉಪ್ಕಾರ ಆಯ್ತು."

ಬಸ್ಸು ಹೊರಟಿತು. ಬೇಲೂರು ಬರುವವರೆಗೆ ಇಂದ್ರೇಶ್ ಫೋನನ್ನು ಮುಷ್ಟಿಯಲ್ಲೇ ಹಿಡಿದಿದ್ದ. ಅಲ್ಲಿ ಇಳಿದ ಮೇಲೂ ಮಾಡಬಹುದಿತ್ತು. ಸಂಜೆಯೂ ಮಾಡಬಹುದಿತ್ತು.

ಸೋಮವಾರ ಮರಿಯಣ್ಣ ಟವೆಲ್ಲನ್ನು ಮೂಗಿನವರೆಗೆ ಸುತ್ತಿಕೊಂಡು ಬಂದ. ಜೊತೆಗೆ ಹೆಂಡತಿ, ಮನು. ಈ ಸಲ ಶ್ಯಾಮಲಾಳೂ ಬಂದಿದ್ದಳು, ಹೊಟ್ಟೆಯ ಮೇಲೆ ಸೆರಗು ಹೊದ್ದು ಬೆಂಚಿನ ತುದಿಗೆ ಕುಳಿತಿದ್ದಳು. ಇಂದ್ರೇಶ್ ಪರೀಕ್ಷೆಗೆಂದು ಟವೆಲ್ಲು ಸರಿಸಿದಾಗ ಕಂಡದ್ದು ಎರಡು ಬಣ್ಣದ ಮುಖ. ಹಣೆ, ಕೆನ್ನೆಯೆಲುಬು ಬಿಸಿಲಿಗೆ ಕಪ್ಪಿಟ್ಟಿದ್ದವು. ಅದರ ಕೆಳಗಿನ ಭಾಗ ಬೆಳ್ಳಗೆ, ಎಳೆಯದಾಗಿ, ಯಾರೂ ನೋಡಬಾರದ ಜಾಗದಂತೆ ಕಾಣುತ್ತಿತ್ತು.

"ನನ್ ಮೊಕ ನಂಗೇ ಗುರ್ತು ಸಿಗಾಕಿಲ್ಲ ಸಾರ್," ಎಂದ ಮರಿಯಣ್ಣ. "ನಮ್ಮೂರ್ ಗಿಡ್ಡಪ್ಪ, ಏನ್ಲಾ, ಮದ್ವೆಗಂಡು ಆಗ್ಬುಟ್ಟೆ, ಹೆಣ್ಣು ಎಲ್ ನೋಡಿದ್ದೀಯ ಅಂತಾನೆ. ಪೂಜಾರಿಯಾಗಿ ಆಡೋ ಮಾತಾ ಅದು."

ಶ್ಯಾಮಲಾ ಮುಖ ತಿರುಗಿಸಿಕೊಂಡಳು.

"ಇವ್ಳು ನಿನ್ನೆಯಿಂದ ನನ್ ಮೊಕ ನೋಡ್ತಿಲ್ಲ," ಎಂದು ಮರಿಯಣ್ಣ ದನಿ ತಗ್ಗಿಸಿದ. "ಮಗೀಗೆ ಏನಾರ ಆದ್ರೆ ಅಂತ ಭಯ ಅವ್ಳಿಗೆ. ಜೀವಕ್ಕೆ ಅಂತ ದ್ಯಾವ್ರಿಗೆ ಹೇಳಿವ್ನಿ ಕಣವ್ವ, ಏನೂ ಆಗಕಿಲ್ಲ ಅಂದೆ. ಅಲ್ವಾ ಸಾರ್?"

"ಏನೂ ಆಗಲ್ಲ," ಎಂದ ಇಂದ್ರೇಶ್. ಯಾವುದಕ್ಕೆ ಉತ್ತರ ಕೊಟ್ಟೆನೆಂದು ಅವನಿಗೇ ತಿಳಿಯಲಿಲ್ಲ.

ಹಾಸನದಿಂದ ತರಿಸಿದ ಹೊಸ ಮಾಸ್ಕು ಸಿದ್ಧವಿತ್ತು. ಅವನು ಅದನ್ನು ತನ್ನ ಕೆನ್ನೆಗೆ ಒತ್ತಿ ನೋಡಿದ, ಎರಡು ಸಲ. ಮರಿಯಣ್ಣ ನಿದ್ದೆ ಹೋದ ಮೇಲೆ ಮಾಸ್ಕು ಹಿಡಿದು ಚೀಲ ಹಿಂಡಿದಾಗ ಎದೆ ಮೆಲ್ಲಗೆ, ತುಂಬಾ ಎದ್ದಿತು. ಒಂದೇ ಕೈ ಸಾಕಾಯಿತು. ಆಪರೇಷನ್ನೂ ಸುಸೂತ್ರವಾಗಿ ನಡೆಯಿತು.

"ನೋಡಿದ್ರಾ?" ಎಂದರು ಕಲ್ಲೇಶಪ್ಪನವರು, ಹೊಲಿಗೆ ಹಾಕುತ್ತ. "ಗಡ್ಡ ಹೋಯ್ತು, ಎಲ್ಲ ಸಲೀಸು. ಅವತ್ತು ನಿಮ್ಮನ್ನ ಬೈದುಕೊಂಡಿದ್ದೆ ಕಣ್ರೀ. ನೀವು ಹೇಳಿದ್ದೇ ಸರಿ."

ಒಂದೇ ಸಲಕ್ಕೆ ಎರಡನ್ನು ಬದಲಿಸಿದರೆ ಯಾವುದರಿಂದ ಏನಾಯಿತೆಂದು ಹೇಳಲು ಬರುವುದಿಲ್ಲ. ಇದು ಕಾಲೇಜಿನ ಮೊದಲ ವರ್ಷದ ಪಾಠ. ಇಂದ್ರೇಶ್ ಮಾಸ್ಕನ್ನೂ ಬದಲಿಸಿದ್ದ, ಮುಖವನ್ನೂ ಬದಲಿಸಿದ್ದ. ಗಡ್ಡದ ನಿಜವಾದ ಗ್ರೇಡು ಏನಿತ್ತೆಂಬುದು ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಅದೇ ಅವನಿಗೆ ಆಸರೆಯೂ ಆಗಿತ್ತು. ಸುಮ್ಮನಿದ್ದರೆ ಸಾಕು, ಯಾರೂ ಅವನನ್ನು ತಪ್ಪುಗಾರನೆನ್ನುವಂತಿರಲಿಲ್ಲ.

ಕಲ್ಲೇಶಪ್ಪನವರು ಸುಮ್ಮನಿರಲಿಲ್ಲ. ಎರಡು ದಿನದೊಳಗೆ ಹೊರರೋಗಿಗಳು ಕೂರುವ ಜಾಗದಲ್ಲಿ ಒಂದು ಬೋರ್ಡು ಬಂತು: 'ಆಪರೇಷನ್ನಿಗೆ ಬರುವ ಗಂಡಸರು ಗಡ್ಡ ತೆಗೆಸಿಕೊಂಡು ಬರತಕ್ಕದ್ದು.' ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ. ಇಂದ್ರೇಶ್ ಅದರ ಮುಂದೆ ದಿನಕ್ಕೆ ಹಲವು ಸಲ ಓಡಾಡಿದ.

ಮರಿಯಣ್ಣ ಎದ್ದು ಓಡಾಡುವಂತಾದ ದಿನ ಪಕ್ಕದ ಹಾಸಿಗೆಗೆ ದ್ಯಾವಯ್ಯನೆಂಬ ಮುದುಕ ಬಂದ. ಅವನಿಗೂ ಹೊಟ್ಟೆಯದೇ ಆಪರೇಷನ್. ಬಿಳಿಯ ಗಡ್ಡ, ಎದೆಯ ಮೇಲೆ ಬಿದ್ದಿತ್ತು. ಇಂದ್ರೇಶ್ ವಾರ್ಡಿನ ಬಾಗಿಲಿಗೆ ಬಂದಾಗ ಒಳಗೆ ಮಾತು ನಡೆದಿತ್ತು.

"ನಾನು ಮದ್ವೆ ಆದಾಗ್ಲಿಂದ ಐತೆ ಕಣಪ್ಪ ಇದು," ಎನ್ನುತ್ತಿದ್ದ ದ್ಯಾವಯ್ಯ. "ನನ್ ಮೊಮ್ಮಕ್ಳು ಇದನ್ನ ಹಿಡ್ಕಂಡೇ ನಡೆಯಾಕ್ ಕಲ್ತಿದ್ದು. ಇದ್ನ ತೆಗ್ದು ಯಾವ್ ಮೊಕ ಇಟ್ಕಂಡು ಊರಿಗೋಗ್ಲಿ?"

"ತೆಗ್ಸಿಬುಡಣ್ಣ." ಮರಿಯಣ್ಣ ತನ್ನ ಬೋಳು ಗಲ್ಲವನ್ನು ಮುಂದೆ ಚಾಚಿದ. "ನಂದು ದ್ಯಾವ್ರ ಗಡ್ಡ. ನಾನೇ ತೆಗ್ಸಿಲ್ವಾ? ಇದ್ದಾಗ ಉಸ್ರೇ ಹೋಗ್ನಿಲ್ವಂತೆ, ತೆಗ್ಸಿದ್ಮ್ಯಾಕೆ ಹೂವ ಎತ್ತಿದಂಗೆ ಆಗೋಯ್ತು. ಬೇಕಾರೆ ಡಾಕ್ಟ್ರನ್ನೇ ಕೇಳು. ಅಗೋ, ಬಂದ್ರು."

ಇಬ್ಬರೂ ಅವನ ಕಡೆ ನೋಡಿದರು. ಮನು ಎದ್ದು ನಿಂತು ಕುರ್ಚಿ ಕೊಟ್ಟ. ಮರಿಯಣ್ಣನ ಕಣ್ಣಿನಲ್ಲಿ ಸಾಕ್ಷಿ ಹೇಳಲು ಬಂದವನನ್ನು ಕಂಡ ಸಂತೋಷವಿತ್ತು. ಕಳೆದುಕೊಂಡದ್ದಕ್ಕೆ ಒಂದು ಅರ್ಥವಿದೆಯೆಂದು ಹೇಳಿಸಿಕೊಳ್ಳಲು ಅವನು ಕಾಯುತ್ತಿದ್ದ. ಇಂದ್ರೇಶನಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ.

"ತೆಗೆಸೋದು ಬೇಡ," ಎಂದ ದ್ಯಾವಯ್ಯನಿಗೆ. "ಮುಲಾಮು ಹಚ್ಚಿ ಮಾಸ್ಕು ಕೂರಿಸ್ತೀನಿ. ಆಗುತ್ತೆ."

"ಅವ್ರಿಗೆ ಆಗುತ್ತಾ?" ಎಂದ ಮರಿಯಣ್ಣ. ಚಾಚಿದ ಗಲ್ಲ ಇನ್ನೂ ಹಾಗೆಯೇ ಇತ್ತು.

"ನಿಮಗೂ ಆಗ್ತಿತ್ತು, ಮರಿಯಣ್ಣ. ಬಹುಶಃ. ಅವತ್ತು ಕೆಟ್ಟಿದ್ದು ನಾನು ಹಿಡಿದ ಮಾಸ್ಕು. ಅದರ ರಬ್ಬರು ಸೀಳಿತ್ತು, ಗಾಳಿ ಅಲ್ಲಿಂದ ಹೋಗ್ತಿತ್ತು. ಒತ್ತಿ ನೋಡೋದು ನನ್ನ ಕೆಲಸ. ನೋಡ್ಲಿಲ್ಲ. ಗಡ್ಡ ಅಂದ್ಬಿಟ್ಟೆ."

ಮರಿಯಣ್ಣ ಕೈಯನ್ನು ಗಲ್ಲಕ್ಕೆ ಒಯ್ದು, ಅಲ್ಲಿ ಹಿಡಿಯಲು ಏನೂ ಇಲ್ಲದೆ, ಕೆಳಗಿಳಿಸಿದ.

"ಯಾವಾಗ ಗೊತ್ತಾಯ್ತು ಸಾರ್?"

ಇದೊಂದು ಪ್ರಶ್ನೆ ಬರದಿರಲಿ ಎಂದು ಇಂದ್ರೇಶ್ ಬಾಯಿ ಬಿಡುವಾಗಲೇ ಅಂದುಕೊಂಡಿದ್ದ. "ಗುರುವಾರ," ಎಂದ.

ಲೆಕ್ಕ ಹಾಕಿದವನು ಮನು. "ಶನಿವಾರ ಫೋನ್ ಮಾಡಿದ್ರಲ್ಲ?"

"ಹೌದು."

"ಅವಾಗ ಗೊತ್ತಿತ್ತಾ?"

"ಗೊತ್ತಿತ್ತು."

"ನಾಳೆ ತೆಗುಸ್ತಾರೆ ಅಂತ ನಾನೇ ಹೇಳ್ದೆ. ಊಟ ಬೇಗ ಮಾಡ್ಸಿ ಅಂದ್ರಿ. ನಾನು ಉಪ್ಕಾರ ಆಯ್ತು ಅಂದೆ." ಮನು ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ತಾನು ಸರಿಯಾಗಿ ಕೇಳಿಸಿಕೊಂಡಿದ್ದೆನೋ ಇಲ್ಲವೋ ಎಂದು ಪರೀಕ್ಷಿಸುವವನಂತೆ ಹೇಳಿದ.

ಮರಿಯಣ್ಣ ದಿಂಬಿನ ಕೆಳಗಿದ್ದ ಟವೆಲ್ಲನ್ನು ಎಳೆದು ಮುಖಕ್ಕೆ ಸುತ್ತಿಕೊಂಡ. ಅದರ ಒಳಗಿನಿಂದ ಅವನ ಮಾತು ಕೇಳಿತು.

"ಜೀವಕ್ಕೆ ಅಂತ ದ್ಯಾವ್ರಿಗೆ ಹೇಳ್ಬುಟ್ಟು ತೆಗ್ಸಿವ್ನಿ ನಾನು. ಸುಳ್ ಹೇಳ್ದಂಗಾಯ್ತಲ್ಲ. ಈಗೇನ್ ಹೇಳ್ಲಿ ಅಲ್ಲಿ?"

ಇಂದ್ರೇಶ್ ದ್ಯಾವಯ್ಯನ ನಾಡಿ ನೋಡುವವನಂತೆ ಬಗ್ಗಿದ.

ಮರುದಿನ ದ್ಯಾವಯ್ಯನ ಗಡ್ಡಕ್ಕೆ ಮುಲಾಮು ಸವರಿ, ಬಾಯಿಗೆ ಕೊಳವೆ ಇಟ್ಟು ಮಾಸ್ಕು ಹಿಡಿದ. ಎದೆ ಎದ್ದಿತು. ಗ್ರೇಡ್ ಎರಡು. ಕಲ್ಲೇಶಪ್ಪನವರು ಗಡ್ಡವನ್ನು ನೋಡಿದರು, ಅವನ ಮುಖವನ್ನು ನೋಡಿದರು. ಆಪರೇಷನ್ ಮುಗಿದ ಮೇಲೆ ಅವನು ಅವರಿಗೂ ಎಲ್ಲವನ್ನೂ ಹೇಳಿದ. ಅವರು ಗ್ಲೌಸು ಕಳಚಿ ಬುಟ್ಟಿಗೆ ಹಾಕಿದರು. "ನಂಗೆ ಆವತ್ತೇ ಹೇಳ್ಬೇಕಿತ್ತು ಕಣ್ರೀ," ಎಂದರು. ಸಂಜೆ ಬೋರ್ಡು ಹೋಗಿತ್ತು. ಗೋಡೆಯಲ್ಲಿ ಮೊಳೆ ಉಳಿದಿತ್ತು. ಮರಿಯಣ್ಣನ ಕೇಸ್ ಶೀಟಿನಲ್ಲಿ ಹಳೆಯ ಸಾಲನ್ನು ಹೊಡೆದು ಇಂದ್ರೇಶ್ ಬರೆದ: ಮಾಸ್ಕು ಸೋರುತ್ತಿತ್ತು, ಗ್ರೇಡು ತಿಳಿಯದು.

ಮನೆಗೆ ಹೊರಡುವ ದಿನ ಮರಿಯಣ್ಣ ತಾನಾಗಿ ಅವನ ಹತ್ತಿರ ಬಂದ.

"ನೀವೇ ಬನ್ನಿ ಸಾರ್ ನಮ್ಮೂರ್ಗೆ. ಗುಡಿ ಮುಂದೆ ನಿಂತ್ಕಂಡು, ಆಗಿದ್ ಆದಂಗೆ ಹೇಳಿ. ನಾನ್ ಹೇಳುದ್ರೆ ಯಾರ್ ನಂಬ್ತಾರೆ? ಡಾಕ್ಟ್ರ ಮ್ಯಾಲೆ ತಪ್ಪು ಹೊರುಸ್ತಾನೆ ಅಂತಾರೆ. ಮಗು ಹುಟ್ಟಾಕ್ ಮುಂಚೆ ಬನ್ನಿ."

"ಬರ್ತೀನಿ," ಎಂದ ಇಂದ್ರೇಶ್.

ಬರುವುದಿಲ್ಲವೆಂದೇ ಕೆಂಪಲಕ್ಷ್ಮಮ್ಮ ಅಂದುಕೊಂಡಿದ್ದಳಂತೆ. ಅವನಿಗೂ ಬೀರದೇವರ ಪೂಜೆಯ ದಿನವಾದ ಸೋಮವಾರ ಪ್ರತಿ ವಾರವೂ ಒಂದೊಂದು ಕೆಲಸ ಬರುತ್ತಿತ್ತು, ಕೆಲವನ್ನು ಅವನೇ ತಂದುಕೊಳ್ಳುತ್ತಿದ್ದ. ಕೊನೆಗೊಂದು ಸೋಮವಾರ ಯಾವ ಕರೆಯೂ ಇರಲಿಲ್ಲ. ಗಂಡಸಿಯಲ್ಲಿ ಬಸ್ಸಿಳಿದಾಗ ಮನು ಬೈಕು ತಂದು ನಿಂತಿದ್ದ.

ಬೀರದೇವರ ಗುಡಿ ಸಣ್ಣದು. ಕಟ್ಟೆಯ ಮೇಲೆ ಪೂಜಾರಿ ಗಿಡ್ಡಪ್ಪ ಕುಳಿತಿದ್ದ. ರಾಗಿ ಒಣಹಾಕಿದ್ದ ಹೆಂಗಸರು ಡಾಕ್ಟರು ಬಂದರೆಂದು ಕೇಳಿ ಕೈ ಒರೆಸಿಕೊಳ್ಳುತ್ತ ಬಂದರು. ಶ್ಯಾಮಲಾ ಕಂಬಕ್ಕೆ ಒರಗಿ ನಿಂತಿದ್ದಳು, ದಿನ ತುಂಬಿದ ಹೊಟ್ಟೆ. ಮರಿಯಣ್ಣನ ಗಲ್ಲದಲ್ಲಿ ಬೆರಳಿಗೆ ಸಿಗುವಷ್ಟು ಗಡ್ಡ ಬಂದಿತ್ತು. ಅವನು ಟವೆಲ್ಲು ಸುತ್ತಿಕೊಂಡಿರಲಿಲ್ಲ.

ಇಂದ್ರೇಶ್ ಚಪ್ಪಲಿ ಬಿಟ್ಟು ಬಾಗಿಲ ಮುಂದೆ ನಿಂತ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ವಾಕ್ಯ ನೆನಪಿಗೆ ಬಂತು.

"ಅವತ್ತು ನಾನು ಹಿಡಿದಿದ್ದ ಮಾಸ್ಕಿನ ರಬ್ಬರು..."

"ರಬ್ಬರ್‌ದು ಬ್ಯಾಡ ಸಾರ್," ಎಂದ ಮರಿಯಣ್ಣ ಹಿಂದಿನಿಂದ. ದನಿಯಲ್ಲಿ ಕಾಠಿಣ್ಯವೇನೂ ಇರಲಿಲ್ಲ. "ರಬ್ಬರ್ ಹರಿಯೋದು ಯಾರ ಕೈಲಾದ್ರೂ ಆಯ್ತದೆ. ಫೋನಿಂದು ಹೇಳಿ."

ಇಂದ್ರೇಶ್ ಹೇಳಿದ. ಹಳೇಬೀಡಿನಲ್ಲಿ ಬಸ್ಸು ನಿಂತಲ್ಲಿಂದ ಶುರುಮಾಡಿ ಹೇಳಿದ. ಗಡ್ಡ ಮಾರನೆಯ ದಿನ ಹೋಗುತ್ತದೆಂದು ಕೇಳಿಸಿಕೊಂಡದ್ದು, ಅದು ಹೋಗಬೇಕಾಗಿಲ್ಲವೆಂದು ತನಗೆ ಗೊತ್ತಿದ್ದದ್ದು, ಜನ ಏನೆಂದಾರೋ ಎಂಬ ನಾಚಿಕೆಗೆ ಊಟದ ಮಾತಾಡಿ ಫೋನ್ ಇಟ್ಟದ್ದು. ಕಣ್ಣು ನೆಲದ ಮೇಲಿತ್ತು. ಕಾಲಿನ ಹತ್ತಿರ ಯಾರೋ ಚೆಲ್ಲಿದ ರಾಗಿ ಕಾಳುಗಳಿದ್ದವು.

ಮುಗಿದ ಮೇಲೆ ಗಿಡ್ಡಪ್ಪ ಕಿವಿಯ ಹಿಂದೆ ಕೈ ಇಟ್ಟುಕೊಂಡು ಮುಂದಕ್ಕೆ ಬಗ್ಗಿದ.

"ಸರ್ಯಾಗಿ ಕೇಳಿಸ್ನಿಲ್ಲ ಬುದ್ಧಿ. ಆ ಕಡೆ ಹೆಂಗಸ್ರುಗೂ ಕೇಳ್ಸಿಲ್ಲ."

ಇಂದ್ರೇಶ್ ಹಿಂದಕ್ಕೆ ತಿರುಗಿ ನೋಡಿದ. ಶ್ಯಾಮಲಾ ಕಂಬ ಬಿಟ್ಟು ಎರಡು ಹೆಜ್ಜೆ ಹತ್ತಿರ ಬಂದು ನಿಂತಿದ್ದಳು. ಅವಳು ಈಗ ನೋಡುತ್ತಿದ್ದದ್ದು ಅವನನ್ನಲ್ಲ, ತನ್ನ ಅಪ್ಪನ ಮುಖವನ್ನು.

ಅವನು ಉಸಿರೆಳೆದುಕೊಂಡು, ಮೊದಲಿನಿಂದ, ಗಟ್ಟಿಯಾಗಿ ಹೇಳತೊಡಗಿದ.